ನೆಗಡಿ ಬಂತು ಅಂತ ಮೂಗು ಕೊಯ್ಯೋದೇ?

ಹಾಸ್ಟೆಲ್‌ನಲ್ಲಿ ಯಾರಾದರೂ ಹೊಸ ಗ್ರಾಫಿಕ್ಸ್ ಕಾರ್ಡ್ ತಂದರೆ ಆ ರೂಮಿನಲ್ಲಿ ಅವತ್ತು ಜಾತ್ರೆ. ಕಾರ್ಡ್ ಕೂರಿಸಿ, ಡ್ರೈವರ್ ಹಾಕಿ, ಸ್ಕ್ರೀನ್ ಕಪ್ಪಾಯಿತು ಎಂದರೆ ಜಾತ್ರೆಗೆ ಬಂದವರೆಲ್ಲ ಹೇಳುವ ಮದ್ದು ಒಂದೇ: "ಮಗಾ, ಫಾರ್ಮ್ಯಾಟ್ ಹೊಡಿ, ಎಲ್ಲಾ ಸರಿಹೋಗತ್ತೆ." ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಕಥೆ ಇದು. ಇಂಜಿನಿಯರಿಂಗ್ ಓದುವವರ ಬಾಯಲ್ಲಿ ಮೊದಲು ಬರುವ ಮಾತು ಇದಾಗಬಾರದು ಅನ್ನೋದು ನಮ್ಮ ವಾದ.

ಮೊದಲ ಕಾರಣ ಸರಳ. ಫಾರ್ಮ್ಯಾಟ್ ಮಾಡಿದರೆ ಸಾಕ್ಷಿಯೂ ಅಳಿಸಿಹೋಗುತ್ತದೆ. ಕಂಪ್ಯೂಟರ್ ಸುಮ್ಮನೆ ಮುನಿಸಿಕೊಳ್ಳುವುದಿಲ್ಲ, ಕಾರಣ ಬರೆದಿಟ್ಟಿರುತ್ತದೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್‌ನ ಮೇಲೆ ಹಳದಿ ತ್ರಿಕೋನ ಇದ್ದರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಒಂದು ಸಂಖ್ಯೆ ಸಿಗುತ್ತದೆ. ಕೋಡ್ 43 ಅಂದರೆ ಸಾಧನವೇ ತೊಂದರೆ ಇದೆ ಎಂದು ವರದಿ ಮಾಡಿದೆ, ಅದಕ್ಕೇ ವಿಂಡೋಸ್ ಅದನ್ನು ನಿಲ್ಲಿಸಿದೆ. ಕೋಡ್ 12 ಅಂದರೆ ಸಾಧನಕ್ಕೆ ಬೇಕಾದ ಸಂಪನ್ಮೂಲ ಸಿಗುತ್ತಿಲ್ಲ. ಕೋಡ್ 52 ಅಂದರೆ ಡ್ರೈವರ್‌ನ ಡಿಜಿಟಲ್ ಸಹಿ ತಾಳೆಯಾಗುತ್ತಿಲ್ಲ. ಮೂರೂ ಬೇರೆ ಬೇರೆ ಕಾಯಿಲೆ. ಮೂರಕ್ಕೂ ಒಂದೇ ಮಾತ್ರೆ ಕೊಡುವ ಡಾಕ್ಟರ್ ಹತ್ತಿರ ನಾವ್ಯಾರಾದರೂ ಹೋಗ್ತೀವಾ?

ಎರಡನೆಯದು, ಎಷ್ಟೋ ಸಲ ತಪ್ಪು ಆಪರೇಟಿಂಗ್ ಸಿಸ್ಟಂನದ್ದೇ ಅಲ್ಲ. ಮಾನಿಟರ್ ಕೇಬಲ್ ಇನ್ನೂ ಮದರ್‌ಬೋರ್ಡ್‌ಗೇ ಸಿಕ್ಕಿಸಿರುತ್ತದೆ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. 6 ಪಿನ್ ಕೇಬಲ್ ಇನ್ನೊಂದು 75, 8 ಪಿನ್ ಕೇಬಲ್ 150. ಹಳೇ ಪವರ್ ಸಪ್ಲೈ ಇಟ್ಟುಕೊಂಡು ದೊಡ್ಡ ಕಾರ್ಡ್ ಹಾಕಿದರೆ ಡೆಸ್ಕ್‌ಟಾಪ್ ಚೆನ್ನಾಗಿಯೇ ಕಾಣುತ್ತದೆ, ಗೇಮ್ ಶುರುವಾದ ತಕ್ಷಣ ಬೀಳುತ್ತದೆ. ಬೈಗುಳ ಮಾತ್ರ ಡ್ರೈವರ್‌ಗೆ. ಹತ್ತು ಸಲ ಫಾರ್ಮ್ಯಾಟ್ ಮಾಡಿದರೂ ವ್ಯಾಟ್ ಹುಟ್ಟೋದಿಲ್ಲ.

ಲಿನಕ್ಸ್ ಕಡೆ ಬಂದರೆ ಇನ್ನೊಂದು ಉದಾಹರಣೆ. ಸೆಕ್ಯೂರ್ ಬೂಟ್ ಆನ್ ಇದ್ದಾಗ ಉಬುಂಟುವಿನಲ್ಲಿ ಎನ್‌ವಿಡಿಯಾ ಡ್ರೈವರ್ ಹಾಕಿದರೆ ಒಂದು ಪಾಸ್‌ವರ್ಡ್ ಕೇಳಬಹುದು. ಮುಂದಿನ ಬೂಟ್‌ನಲ್ಲಿ ಒಂದು ನೀಲಿ ಪರದೆ ಬಂದು ಕೀಲಿಯನ್ನು ನೋಂದಾಯಿಸಲು ಹೇಳುತ್ತದೆ. ಹೆದರಿ "ಕಂಟಿನ್ಯೂ ಬೂಟ್" ಒತ್ತಿದರೆ ಡ್ರೈವರ್ ಲೋಡ್ ಆಗುವುದಿಲ್ಲ. ಮತ್ತೆ ಫಾರ್ಮ್ಯಾಟ್ ಮಾಡಿದರೂ ಅದೇ ನೀಲಿ ಪರದೆ, ಅದೇ ಹೆದರಿಕೆ. ಅದರಲ್ಲಿ ಬರೆದಿದ್ದನ್ನು ಓದುವುದಷ್ಟೇ ಇದಕ್ಕೆ ಪರಿಹಾರ.

ಪ್ರಾಜೆಕ್ಟ್ ಮಾಡುವವರಿಗೆ ಇದು ಇನ್ನೂ ಮುಖ್ಯ. ವಿಂಡೋಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ಸಿಸ್ಟಂ ಅದನ್ನು ರೀಸೆಟ್ ಮಾಡುತ್ತದೆ. ವಿಸ್ತಾ ಕಾಲದಿಂದ ಇರುವ ಏರ್ಪಾಡು ಇದು. ನೀವು ಬರೆದ ಕೂಡಾ ಪ್ರೋಗ್ರಾಂನ ಒಂದೇ ಕರ್ನೆಲ್ ಅದಕ್ಕಿಂತ ಹೆಚ್ಚು ಹೊತ್ತು ಓಡಿದರೆ "ಡಿಸ್‌ಪ್ಲೇ ಡ್ರೈವರ್ ಪ್ರತಿಕ್ರಿಯಿಸುತ್ತಿಲ್ಲ" ಎಂಬ ಸಂದೇಶ ಬರಬಹುದು. ಅಲ್ಲಿ ಡ್ರೈವರ್ ಕೆಟ್ಟಿಲ್ಲ, ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಬೇಕಷ್ಟೆ. ಹಾಗೇ ಎನ್‌ವಿಡಿಯಾ-ಎಸ್‌ಎಂಐ ತೋರಿಸುವ ಕೂಡಾ ಆವೃತ್ತಿ ಆ ಡ್ರೈವರ್ ಬೆಂಬಲಿಸುವ ಗರಿಷ್ಠ ಆವೃತ್ತಿ. ನಿಮ್ಮ ಮೆಷಿನ್‌ನಲ್ಲಿ ಟೂಲ್‌ಕಿಟ್ ಇದೆ ಅಂತ ಅದರ ಅರ್ಥವಲ್ಲ. ಇದು ಗೊತ್ತಿಲ್ಲದೆ ರಾತ್ರಿಯಿಡೀ ಡ್ರೈವರ್ ಹಾಕಿ ತೆಗೆದು ಮಾಡುವವರು ಪ್ರತೀ ಬ್ಯಾಚ್‌ನಲ್ಲೂ ಇರ್ತಾರೆ.

ಮೂರನೆಯದು, ದುಡ್ಡಿನ ಮಾತು. ನಮ್ಮಲ್ಲಿ ಬಹಳ ಜನ ಎಸ್.ಪಿ. ರೋಡ್‌ನಲ್ಲೋ ಸೀನಿಯರ್‌ಗಳ ಹತ್ತಿರವೋ ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಳ್ಳೋರು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ಮೈನಿಂಗ್‌ಗೆ ದುಡಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಅಂಥವುಗಳಲ್ಲಿ ಕೆಲವಕ್ಕೆ ಬಯಾಸ್ ಬದಲಿಸಿರುತ್ತಾರೆ, ಸಾಮಾನ್ಯ ಡ್ರೈವರ್ ಒಪ್ಪುವುದಿಲ್ಲ. ಹಳೆಯ ಕಾರ್ಡ್‌ಗೆ ಹೊಸ ಹೆಸರು ಹಾಕಿ ಮಾರುವ ನಕಲಿಗಳೂ ಇವೆ. ಜಿಪಿಯು-ಜೀ ಎಂಬ ಉಚಿತ ತಂತ್ರಾಂಶ ಅಂಥ ಹಲವು ನಕಲಿಗಳನ್ನು ಹಿಡಿದುಕೊಡುತ್ತದೆ. ಅಸಲಿಯೇ ಆದರೂ ವಯಸ್ಸು ನೋಡಬೇಕು: ಎನ್‌ವಿಡಿಯಾದ ಕೆಪ್ಲರ್ ಪೀಳಿಗೆಗೆ 470 ಸರಣಿಯೇ ಕೊನೆಯ ಡ್ರೈವರ್. ಅಂಗಡಿಯವನು ಒಂದು ವಾರ ಟೆಸ್ಟಿಂಗ್‌ಗೆ ಸಮಯ ಕೊಟ್ಟಿದ್ದರೆ, ಆ ವಾರ ಫಾರ್ಮ್ಯಾಟ್‌ನಲ್ಲೇ ಕಳೆದರೆ, ಎಂಟನೇ ದಿನ ಅಪ್ಪ ಕಳಿಸಿದ ದುಡ್ಡು ಹೋದ ಹಾಗೇ.

ಇದಕ್ಕೆ ಎದುರು ಮಾತು ನಮಗೂ ಗೊತ್ತು. "ನಾಳೆ ಸಬ್ಮಿಷನ್ ಇದೆ, ತತ್ವ ಯಾರಿಗೆ ಬೇಕು? ಫಾರ್ಮ್ಯಾಟ್ ಮಾಡಿದರೆ ಎಷ್ಟೋ ಸಲ ಸರಿಹೋಗತ್ತಲ್ಲ?" ನಿಜ, ಹೋಗತ್ತೆ. ಹಳೇ ಡ್ರೈವರ್‌ನ ಚೂರುಗಳು ಉಳಿದು ಜಗಳವಾಡುತ್ತಿದ್ದರೆ ಫಾರ್ಮ್ಯಾಟ್ ಅವನ್ನೂ ಒರೆಸುತ್ತದೆ. ಆದರೆ ಅಷ್ಟೇ ಕೆಲಸಕ್ಕೆ ಇಂಟರ್ನೆಟ್ ಕಡಿದು, ಸೇಫ್ ಮೋಡ್‌ಗೆ ಹೋಗಿ, ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಓಡಿಸಿದರೆ ಸಾಕು. ಇಂಟರ್ನೆಟ್ ಯಾಕೆ ಕಡಿಯಬೇಕು? ಮಧ್ಯದಲ್ಲಿ ವಿಂಡೋಸ್ ಅಪ್‌ಡೇಟ್ ತನ್ನದೇ ಡ್ರೈವರ್ ತಂದು ಹಾಕಬಾರದು ಅಂತ. ಆಮೇಲೆ ಕಾರ್ಡ್ ಕಂಪನಿಯ ಜಾಲತಾಣದಿಂದ ಮೊದಲೇ ಇಳಿಸಿಟ್ಟುಕೊಂಡ ಡ್ರೈವರ್ ಹಾಕಿ. ಇಷ್ಟಕ್ಕೆ ಅರ್ಧ ಗಂಟೆ ಸಾಕು. ಫಾರ್ಮ್ಯಾಟ್ ಮಾಡಿ, ಮ್ಯಾಟ್‌ಲ್ಯಾಬ್‌ನಿಂದ ಹಿಡಿದು ಎಲ್ಲವನ್ನೂ ಮತ್ತೆ ಹಾಕುವಷ್ಟರಲ್ಲಿ ಬೆಳಗಾಗುತ್ತದೆ.

ನಾವು ಕೇಳುವುದು ಎರಡೇ. ಒಂದು, ತೊಂದರೆ ಬಂದಾಗ ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ಕೇಬಲ್, ಪವರ್, ಬಯಾಸ್, ಡ್ರೈವರ್, ಈ ಕ್ರಮದಲ್ಲಿ ಹೋಗಿ, ಏನು ಬದಲಿಸಿದಿರಿ, ಏನಾಯಿತು ಅಂತ ಒಂದು ಸಾಲು ಬರೆದಿಡಿ. ಸರ್ಕ್ಯೂಟ್ಸ್ ಲ್ಯಾಬ್‌ನಲ್ಲಿ ಔಟ್‌ಪುಟ್ ಬಾರದಿದ್ದರೆ ಬ್ರೆಡ್‌ಬೋರ್ಡ್ ಕಿಟಕಿಯಿಂದ ಎಸೆಯುತ್ತೇವಾ? ಮಲ್ಟಿಮೀಟರ್ ಹಿಡಿದು ಒಂದೊಂದೇ ಪಾಯಿಂಟ್ ನೋಡುತ್ತೇವೆ. ಇಲ್ಲೂ ಅದೇ ವಿದ್ಯೆ.

ಎರಡು, ಪ್ರತಿ ಲ್ಯಾಬ್‌ನಲ್ಲೂ ಒಂದು ರಿಜಿಸ್ಟರ್ ಇರಲಿ. ಯಾವ ಮೆಷಿನ್, ಯಾವ ಕಾರ್ಡ್, ಯಾವ ಎರರ್, ಹೇಗೆ ಸರಿಯಾಯಿತು ಎಂಬುದನ್ನು ಕನ್ನಡದಲ್ಲೇ ಬರೆಯೋಣ. ಈಗ ಸೀನಿಯರ್‌ಗಳು ಕಲಿತದ್ದೆಲ್ಲ ಅವರ ಜೊತೆಗೇ ಗೇಟ್ ದಾಟಿ ಹೋಗುತ್ತಿದೆ, ಜೂನಿಯರ್‌ಗಳಿಗೆ ಉಳಿಯುವುದು "ಫಾರ್ಮ್ಯಾಟ್ ಹೊಡಿ" ಎಂಬ ಮಂತ್ರವೊಂದೇ. ಹಳ್ಳಿಯ ಕನ್ನಡ ಮೀಡಿಯಂನಿಂದ ಬಂದು, ಇಂಗ್ಲಿಷ್‌ನ ಉದ್ದುದ್ದ ಎರರ್ ನೋಡಿ ಸುಮ್ಮನಾಗುವ ಹುಡುಗನಿಗೋ ಹುಡುಗಿಗೋ ಆ ರಿಜಿಸ್ಟರ್‌ನ ಒಂದು ಪುಟ ಒಂದು ಸೆಮಿಸ್ಟರ್‌ನ ಧೈರ್ಯ ಕೊಡಬಹುದು. ಪುಸ್ತಕಕ್ಕೆ ಐವತ್ತು ರೂಪಾಯಿ ಸಾಕು. ಮೊದಲ ನಮೂದು ಯಾರು ಬರೀತೀರಿ?