ಓದುಗರು ಹಲವು ದೇಶಗಳಲ್ಲಿ, ಸರ್ವರ್ ಯಾವ ನೆಲದಲ್ಲಿ?

ಕನ್ನಡದ ಒಂದು ಮಾಸಪತ್ರಿಕೆಯಾಗಲಿ, ಪ್ರಕಾಶನ ಸಂಸ್ಥೆಯಾಗಲಿ, ಸಾಗರದಾಚೆಯ ಕನ್ನಡ ಸಂಘವಾಗಲಿ ತನ್ನ ಜಾಲತಾಣವನ್ನು ಸ್ಥಾಪಿಸಲು ಹೊರಟಾಗ, ಅಕ್ಷರಗಳ ವಿನ್ಯಾಸ ಹೇಗಿರಬೇಕು, ಮುಖಪುಟದ ವರ್ಣ ಯಾವುದಾಗಬೇಕು ಎಂಬ ವಿಷಯಗಳಲ್ಲಿ ಸಮಿತಿಯವರು ಗಂಟೆಗಟ್ಟಲೆ ಸಮಾಲೋಚಿಸುವರು. ಆ ತಾಣವನ್ನು ಹೊತ್ತು ನಿಲ್ಲುವ ಸರ್ವರ್ ಭೂಮಿಯ ಯಾವ ಭಾಗದಲ್ಲಿ ಇರತಕ್ಕದ್ದು ಎಂಬ ಪ್ರಶ್ನೆಯನ್ನು ಮಾತ್ರ ವರ್ಷದ ಬಾಡಿಗೆ ಎಲ್ಲಿ ಅಗ್ಗವೋ ಅಲ್ಲಿಗೆ, ಇಲ್ಲವೆ ಕೆಲಸ ಒಪ್ಪಿಕೊಂಡ ತಂತ್ರಜ್ಞನಿಗೆ ಯಾವ ಕಂಪನಿ ಪರಿಚಿತವೋ ಅಲ್ಲಿಗೆ ಬಿಟ್ಟುಬಿಡುವರು. ಬೆಂಗಳೂರು, ಕಲಬುರಗಿ, ದುಬೈ, ಲಂಡನ್, ನ್ಯೂಜೆರ್ಸಿ, ಮೆಲ್ಬರ್ನ್‌ಗಳಲ್ಲಿ ಏಕಕಾಲಕ್ಕೆ ಓದುಗರನ್ನು ಪಡೆದಿರುವ ಭಾಷೆಗೆ ಇದು ಅಲ್ಪ ವಿಷಯವಲ್ಲ. ಯಾವ ಓದುಗನ ಅನುಕೂಲವನ್ನು ನಾವು ಮೊದಲು ನೋಡಬೇಕು, ನಮ್ಮ ಬರಹ ಯಾವ ಕಾನೂನಿನ ಆಶ್ರಯದಲ್ಲಿ ಬಾಳಬೇಕು, ವಿಪತ್ತು ಒದಗಿದರೆ ಅದು ಎಲ್ಲಿ ಉಳಿದೀತು ಎಂಬ ನಿರ್ಣಯಗಳು ಇದರಲ್ಲಿ ಅಡಗಿರುವುದರಿಂದ, ಇದನ್ನು ಸಂಪಾದಕರೇ ಕುಳಿತು ಇತ್ಯರ್ಥಪಡಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ದೂರದ ಮಾತು. ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಧಾವಿಸುವ ಬೆಳಕು ಆಪ್ಟಿಕಲ್ ಫೈಬರಿನ ಗಾಜಿನೊಳಗೆ ಸುಮಾರು 2 ಲಕ್ಷಕ್ಕೆ ಇಳಿಯುತ್ತದೆ. ಆದುದರಿಂದ ಪ್ರತಿ 1000 ಕಿಲೋಮೀಟರ್ ದೂರಕ್ಕೆ, ಹೋಗಿ ಬರಲು, ಕಡಮೆಯೆಂದರೂ 10 ಮಿಲಿಸೆಕೆಂಡು ವ್ಯಯವಾಗಲೇಬೇಕು. ಬೆಂಗಳೂರಿನಿಂದ ಅಮೆರಿಕದ ವರ್ಜೀನಿಯಕ್ಕೆ ನೇರವಾದ ದೂರವೇ 13,000 ಕಿಲೋಮೀಟರಿಗೂ ಅಧಿಕ. ಕೇಬಲ್ಲಾದರೋ ನೇರವಾಗಿ ಸಾಗುವುದಿಲ್ಲ. ಮುಂಬಯಿಯಲ್ಲಿ ಕಡಲಿಗಿಳಿದು, ಅರಬ್ಬೀ ಸಮುದ್ರವನ್ನೂ ಕೆಂಪು ಸಮುದ್ರವನ್ನೂ ಹಾದು, ಈಜಿಪ್ಟಿನ ನೆಲವನ್ನು ದಾಟಿ, ಮೆಡಿಟರೇನಿಯನ್ ಮತ್ತು ಅಟ್ಲಾಂಟಿಕ್‌ಗಳ ತಳವನ್ನು ಹಿಡಿದು ಹೋಗುವ ಮಾರ್ಗದಲ್ಲಿ ಒಂದು ಸಂದೇಶ ಹೋಗಿ ಮರಳುವ ಹೊತ್ತಿಗೆ ಸಾಮಾನ್ಯವಾಗಿ 200 ಮಿಲಿಸೆಕೆಂಡು ಮೀರಿರುತ್ತದೆ. ಇದು ಒಂದೇ ಬಾರಿಯಾದರೆ ಓದುಗನಿಗೆ ತಿಳಿಯದು. ಆದರೆ ಪುಟದ ಮೊದಲ ಅಕ್ಷರ ಕಾಣಿಸುವ ಮುನ್ನ ತಾಣದ ಹೆಸರಿಗೆ ವಿಳಾಸವನ್ನು ಹುಡುಕಬೇಕು, ಸಂಪರ್ಕವನ್ನು ಕಟ್ಟಬೇಕು, ಮಾತು ಹೊರಗಿನವರಿಗೆ ತಿಳಿಯದಂತೆ ಗೂಢಲಿಪಿಯ ಒಪ್ಪಂದ ನಡೆಯಬೇಕು, ಅನಂತರ ಪುಟವನ್ನು ಬೇಡಬೇಕು. ಇವುಗಳಲ್ಲಿ ಬಹುಪಾಲಿಗೆ ಒಂದೊಂದು ಯಾತ್ರೆ ಬೇಕು. 2018ರಲ್ಲಿ ಪ್ರಕಟವಾದ ಟಿಎಲ್‌ಎಸ್ 1.3 ಎಂಬ ಗೂಢಲಿಪಿ ನಿಯಮಾವಳಿ ಈ ಯಾತ್ರೆಗಳಲ್ಲೊಂದನ್ನು ಉಳಿಸಿಕೊಟ್ಟಿತು. ಹೀಗೆ ಯಾತ್ರೆಗಳ ಸಂಖ್ಯೆಯನ್ನು ತಗ್ಗಿಸಬಹುದಾದರೂ, ಪ್ರತಿಯೊಂದು ಯಾತ್ರೆಯ ಉದ್ದವನ್ನು ತಗ್ಗಿಸಲು ಸರ್ವರನ್ನೇ ಸಮೀಪಕ್ಕೆ ತರುವುದಲ್ಲದೆ ಬೇರೆ ಉಪಾಯವಿಲ್ಲ.

ಯಾರ ಸಮೀಪಕ್ಕೆ? ಇಲ್ಲಿ ಕೆಲವರು ನ್ಯಾಯಬುದ್ಧಿಯಿಂದಲೇ ಒಂದು ತಪ್ಪನ್ನು ಮಾಡುತ್ತಾರೆ. ಓದುಗರಲ್ಲಿ ಅರ್ಧದಷ್ಟು ಜನ ಭಾರತದಲ್ಲಿ, ಉಳಿದವರು ಅಮೆರಿಕದಲ್ಲಿ ಇರುವಾಗ, ನಡುವಣ ಫ್ರಾಂಕ್‌ಫರ್ಟ್‌ನಲ್ಲೋ ಆಮ್‌ಸ್ಟರ್‌ಡಾಮಿನಲ್ಲೋ ಸರ್ವರನ್ನು ಇರಿಸಿದರೆ ಇಬ್ಬರಿಗೂ ಸಮವಾಯಿತೆಂದು ಅವರ ವಾದ. ಅಂಕಗಣಿತಕ್ಕೆ ಅದು ಸಮವೇ ಸರಿ. ಆದರೆ ನ್ಯೂಜೆರ್ಸಿಯ ಮನೆಯಲ್ಲಿ ಫೈಬರ್ ಸಂಪರ್ಕವುಳ್ಳ ಇಂಜಿನಿಯರಿಗೆ ಇನ್ನೊಂದು ನೂರು ಮಿಲಿಸೆಕೆಂಡು ಸೇರಿದರೆ ಅದು ಗಮನಕ್ಕೇ ಬಾರದು. ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ, ಸಿಗ್ನಲ್ ಬಂದು ಹೋಗುವ ಮೊಬೈಲಿನಲ್ಲಿ, ದಿನದ ಡೇಟಾ ಮುಗಿಯುವುದರೊಳಗೆ ಓದಬೇಕಾದ ವಿದ್ಯಾರ್ಥಿನಿಗಾದರೋ ದುರ್ಬಲ ಸಂಪರ್ಕದಲ್ಲಿ ಪುಟದ ತುಣುಕುಗಳು ಮತ್ತೆ ಮತ್ತೆ ಕಳೆದುಹೋಗುತ್ತವೆ, ಕಳೆದುಹೋದ ಪ್ರತಿಯೊಂದು ತುಣುಕನ್ನೂ ಸರ್ವರ್ ಮರಳಿ ಕಳುಹಿಸಬೇಕಾಗುತ್ತದೆ, ಹಾಗೆ ಮರಳಿ ಕಳುಹಿಸಿದಾಗಲೆಲ್ಲ ಅದು ಆ ಸಮಗ್ರ ದೂರವನ್ನು ಮತ್ತೊಮ್ಮೆ ಕ್ರಮಿಸಬೇಕಾಗುತ್ತದೆ. ದೂರದಿಂದ ಆಗುವ ನಷ್ಟ ಬಡವನ ಪಾಲಿಗೆ ಹೀಗೆ ಹಲವು ಪಟ್ಟು ಹೆಚ್ಚುವುದರಿಂದ, ಸರಾಸರಿಯನ್ನು ಬದಿಗಿರಿಸಿ ಅತ್ಯಂತ ಕ್ಷೀಣ ಸಂಪರ್ಕವುಳ್ಳ ಓದುಗನ ಸಮೀಪಕ್ಕೆ ಸರ್ವರನ್ನು ತರುವುದೇ ಧರ್ಮ. ಹಿಂದೆ ಇದಕ್ಕೆ ಅನುಕೂಲ ಸಾಲದೆಂದು ಹೇಳಬಹುದಿತ್ತು. ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ತಂತಮ್ಮ ಕ್ಲೌಡ್ ಕೇಂದ್ರಗಳನ್ನು ಭಾರತದಲ್ಲಿ ತೆರೆದು, 2022ರಲ್ಲಿ ಹೈದರಾಬಾದಿನಲ್ಲಿಯೂ ಅಮೆಜಾನಿನ ಕೇಂದ್ರವಾದ ಮೇಲೆ ಆ ನೆಪ ಉಳಿದಿಲ್ಲ.

ಹಾಗಾದರೆ ಸಾಗರದಾಚೆಯ ಕನ್ನಡಿಗನನ್ನು ಕೈಬಿಟ್ಟಂತಾಯಿತೆ? ಇಲ್ಲ, ಏಕೆಂದರೆ ಮೂಲವನ್ನು ಇರಿಸುವ ಸ್ಥಳವೂ ಅದನ್ನು ಹಂಚುವ ಸ್ಥಳವೂ ಒಂದೇ ಆಗಬೇಕಾದ ಅಗತ್ಯವಿಲ್ಲ. ಓಲೆಗರಿಯ ಮೂಲಪ್ರತಿ ಒಂದು ಮಠದ ಭಂಡಾರದಲ್ಲಿದ್ದು, ಅದರ ನಕಲುಗಳು ಊರೂರಿನಲ್ಲಿ ಪಾರಾಯಣಗೊಳ್ಳುತ್ತಿದ್ದಂತೆ, ಒಂದೇ ಮೂಲದಿಂದ ತೆಗೆದ ಪ್ರತಿಗಳನ್ನು ಹಲವು ದೇಶಗಳ ಕ್ಯಾಶ್ ಸರ್ವರುಗಳಲ್ಲಿ ಇರಿಸಿ, ಓದುಗನಿಗೆ ಸಮೀಪದ್ದರಿಂದ ಒದಗಿಸುವ ಏರ್ಪಾಡು ಕಾಲು ಶತಮಾನಕ್ಕೂ ಹಳೆಯದು. ಎಂಐಟಿಯ ಗಣಿತಜ್ಞ ಟಾಮ್ ಲೇಟನ್ ಮತ್ತು ಅವರ ವಿದ್ಯಾರ್ಥಿ ಡ್ಯಾನಿಯಲ್ ಲೆವಿನ್ ಅವರು 1998ರಲ್ಲಿ ಹುಟ್ಟುಹಾಕಿದ ಅಕಮಾಯ್ ಸಂಸ್ಥೆ ಸಿಡಿಎನ್ ಎಂಬ ಈ ಪದ್ಧತಿಯನ್ನೇ ವ್ಯಾಪಾರವನ್ನಾಗಿಸಿತು. 2003ರಲ್ಲಿ ಜನಿಸಿದ ಕನ್ನಡ ವಿಕಿಪೀಡಿಯ ಇದಕ್ಕೆ ಉತ್ತಮ ನಿದರ್ಶನ. ಅದರ ಮೂಲ ಇರುವುದು ವರ್ಜೀನಿಯದ ಆಶ್‌ಬರ್ನ್ ಮತ್ತು ಟೆಕ್ಸಾಸಿನ ಕ್ಯಾರಲ್‌ಟನ್ ಎಂಬ ಎರಡು ಊರುಗಳಲ್ಲಿ. ಒಂದು ಕೆಟ್ಟರೆ ಇನ್ನೊಂದು ನಡೆಯುವಂತೆ ವ್ಯವಸ್ಥೆ ಮಾಡಿರುವುದಷ್ಟೇ ಅಲ್ಲದೆ, ವರ್ಷಕ್ಕೆರಡು ಬಾರಿ ಬೇಕೆಂದೇ ಕಾರ್ಯಭಾರವನ್ನು ಒಂದರಿಂದ ಇನ್ನೊಂದಕ್ಕೆ ವರ್ಗಾಯಿಸಿ ಪರೀಕ್ಷಿಸುತ್ತಾರೆ. 2018ರಿಂದ ಸಿಂಗಪುರದಲ್ಲಿ ಒಂದು ಕ್ಯಾಶ್ ಕೇಂದ್ರವಿರುವುದರಿಂದ ಏಷ್ಯದ ಓದುಗನು ಲೇಖನಕ್ಕಾಗಿ ಪ್ರತಿಸಲವೂ ಅಮೆರಿಕದವರೆಗೆ ಹೋಗಬೇಕಾದುದಿಲ್ಲ. ಆದರೆ ಲಾಗಿನ್ ಆಗಿ ಲೇಖನವನ್ನು ತಿದ್ದಿ ಉಳಿಸುವ ಧಾರವಾಡದ ಸಂಪಾದಕನ ಪ್ರತಿಯೊಂದು ತಿದ್ದುಪಡಿಯೂ ಇಂದಿಗೂ ಅಮೆರಿಕಕ್ಕೇ ಹೋಗಬೇಕು. ಓದುವವನಿಗೆ ಪ್ರತಿ ಸಾಕು, ಬರೆಯುವವನಿಗೆ ಮೂಲವೇ ಬೇಕು. ಆದುದರಿಂದ ಲೇಖಕರು ಇರುವ ದೇಶದಲ್ಲಿ ಮೂಲ, ಓದುಗರು ಇರುವ ದೇಶಗಳಲ್ಲೆಲ್ಲ ಪ್ರತಿಗಳು ಎಂಬ ಕ್ರಮ ಕನ್ನಡ ಪತ್ರಿಕೆಗಳಿಗೆ ಎಲ್ಲ ವಿಧದಲ್ಲಿಯೂ ಒಪ್ಪುವಂಥದು. ಕಥೆ, ಕವಿತೆ, ಪ್ರಬಂಧಗಳು ಒಮ್ಮೆ ಪ್ರಕಟವಾದ ಮೇಲೆ ಬದಲಾಗುವುದು ವಿರಳವಾದುದರಿಂದ ಹೀಗೆ ಹಂಚುವುದೂ ಸುಲಭ.

ಕಾನೂನಿನ ವಿಷಯದಲ್ಲಿ ಹಲವರು ಭ್ರಮೆಯಲ್ಲಿದ್ದಾರೆ. ಸರ್ವರನ್ನು ಬೇರೆ ದೇಶಕ್ಕೆ ಸಾಗಿಸಿದರೆ ಈ ದೇಶದ ಹೊಣೆ ತಪ್ಪಿತೆಂದು ಅವರು ಭಾವಿಸುತ್ತಾರೆ. ಆದರೆ 2018ರ ಮೇ 25ರಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ಜಿಡಿಪಿಆರ್ ಎಂಬ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ನಿಯಮ, ಅಲ್ಲಿನ ನಿವಾಸಿಗಳಿಗೆ ಸೇವೆಯನ್ನು ಒದಗಿಸುವವನು ಜಗತ್ತಿನ ಎಲ್ಲಿಯೇ ಇದ್ದರೂ ಅವನನ್ನು ಬಂಧಿಸುತ್ತದೆ. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಹೊರದೇಶದಲ್ಲಿ ಕುಳಿತು ಭಾರತದಲ್ಲಿರುವವರಿಗೆ ಸೇವೆ ನೀಡುವವರಿಗೆ ಅನ್ವಯಿಸುವಂತೆ ರಚಿತವಾಗಿದೆ. ಅಮೆರಿಕದ 2018ರ ಕ್ಲೌಡ್ ಆಕ್ಟ್, ಅಲ್ಲಿನ ಕಂಪನಿಗಳ ವಶದಲ್ಲಿರುವ ದತ್ತಾಂಶ ಯಾವ ದೇಶದಲ್ಲಿದ್ದರೂ ಅದನ್ನು ಕೇಳುವ ಅಧಿಕಾರವನ್ನು ಅಲ್ಲಿನ ಸರ್ಕಾರಕ್ಕೆ ಕೊಟ್ಟಿದೆ. ಹಾಗಾಗಿ ಮುಂಬಯಿಯ ಸರ್ವರಿನಲ್ಲಿ ಇಟ್ಟುದೆಲ್ಲ ಭಾರತದ ಕಾನೂನಿಗೆ ಮಾತ್ರ ಒಳಪಟ್ಟಿತೆಂದು ತಿಳಿಯಕೂಡದು. ನೆಲವನ್ನು ನೋಡುವಂತೆಯೇ ಯಂತ್ರದ ಒಡೆಯನನ್ನೂ ನೋಡಬೇಕು. ಚಂದಾದಾರರ ಹೆಸರು, ವಿಳಾಸ, ದೂರವಾಣಿಗಳನ್ನು ಸಂಗ್ರಹಿಸುವ ಪತ್ರಿಕೆಗೆ ಈ ವಿವೇಚನೆ ಅನಿವಾರ್ಯ. ಬೇಡದ ವಿವರಗಳನ್ನು ಸಂಗ್ರಹಿಸದಿರುವುದು ಇನ್ನೂ ಉತ್ತಮ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚಾಗಿ ಕಾಡುವುದು ನಾಶದ ಭಯ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ಒಂದು ಕಟ್ಟಡ ಸಂಪೂರ್ಣವಾಗಿ ದಹಿಸಿಹೋದಾಗ, ಅದೇ ಆವರಣದಲ್ಲಿ ಬ್ಯಾಕಪ್ಪನ್ನೂ ಇಟ್ಟಿದ್ದ ಗ್ರಾಹಕರು ಮೂಲ, ಪ್ರತಿ ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಾನ್ ನಗರದಲ್ಲಿದ್ದ ಸರ್ಕಾರಿ ಕೇಂದ್ರದಲ್ಲಿ ಬ್ಯಾಟರಿಯ ಬೆಂಕಿಯಿಂದ 858 ಟೆರಾಬೈಟುಗಳಷ್ಟು ಸರ್ಕಾರಿ ಕಡತಗಳು ಸುಟ್ಟುಹೋದವು. ಪ್ರಮಾಣ ತೀರ ದೊಡ್ಡದೆಂಬ ಕಾರಣಕ್ಕೆ ಅವುಗಳಿಗೆ ಹೊರಗೆ ಬ್ಯಾಕಪ್ಪೇ ಇರಲಿಲ್ಲ. ಅಷ್ಟು ಸಮರ್ಥವಾದ ದೇಶದಲ್ಲಿ ಹೀಗಾದುದನ್ನು ಓದಿದಾಗ, ನಮ್ಮ ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಸ್ಕ್ಯಾನ್ ಮಾಡಿಸಿ ಇಟ್ಟಿರುವ ಹಳೆಯ ಗ್ರಂಥಗಳು, ಸಂಚಿಕೆಗಳು ಎಷ್ಟು ನೆಲೆಗಳಲ್ಲಿವೆ ಎಂಬ ಪ್ರಶ್ನೆ ಮನಸ್ಸನ್ನು ಬಿಡುವುದಿಲ್ಲ. ಈ ಶತಮಾನದ ಆರಂಭದಲ್ಲಿ ಉತ್ಸಾಹದಿಂದ ಹುಟ್ಟಿದ ಕನ್ನಡ ಜಾಲತಾಣಗಳಲ್ಲಿ ಹಲವು ಇಂದು ತೆರೆಯುವುದಿಲ್ಲ. ಅವುಗಳಲ್ಲಿ ಪ್ರಕಟವಾದ ಒಳ್ಳೆಯ ಬರಹವೂ ಅವುಗಳೊಂದಿಗೇ ಹೋಯಿತು. ಇನ್ನು ಕಡಲಿನ ಮಾತು: 2008ರ ಜನವರಿಯಲ್ಲಿ ಅಲೆಕ್ಸಾಂಡ್ರಿಯದ ಬಳಿ, 2024ರ ಫೆಬ್ರವರಿಯಲ್ಲಿ ಕೆಂಪು ಸಮುದ್ರದಲ್ಲಿ, 2025ರ ಸೆಪ್ಟೆಂಬರಿನಲ್ಲಿ ಜೆಡ್ಡಾದ ಸಮೀಪ ಕೇಬಲ್ಲುಗಳು ತುಂಡಾದವು. ಅಂಥ ಕಾಲದಲ್ಲಿ ಭಾರತದೊಳಗಿನ ಓದುಗನಿಗೆ ಭಾರತದೊಳಗಿನ ಸರ್ವರ್ ನಿರಾತಂಕವಾಗಿ ದೊರೆಯುತ್ತದೆ. ಹೊರಗಿನವನಿಗೆ ಹೊರಗಿನ ಕ್ಯಾಶ್ ಪ್ರತಿ ಆಸರೆಯಾಗುತ್ತದೆ.

ಸರ್ಕಾರದ ಇಲಾಖೆಗಳೂ ವಿಶ್ವವಿದ್ಯಾಲಯಗಳೂ ಜಾಲತಾಣಕ್ಕಾಗಿ ಟೆಂಡರ್ ಕರೆಯುವಾಗ ಮೂಲ ಇರುವ ಊರು ಯಾವುದು, ಎರಡನೆಯ ಪ್ರತಿ ಯಾವ ಊರಿನಲ್ಲಿ ಯಾವ ಬೇರೊಂದು ಕಂಪನಿಯ ವಶದಲ್ಲಿ ಇರುವುದು ಎಂಬುದನ್ನು ಷರತ್ತಿನಲ್ಲಿಯೇ ಬರೆಯಿಸಬೇಕು. ವೇಗದ ಪರೀಕ್ಷೆಯನ್ನು ಬೆಂಗಳೂರಿನ ಕಚೇರಿಯ ಕಂಪ್ಯೂಟರಿನಿಂದ ಮಾಡಿ ತೃಪ್ತರಾಗದೆ, ಬೀದರಿನ ಮೊಬೈಲಿನಿಂದಲೂ ದುಬೈಯ ಮನೆಯಿಂದಲೂ ಸಂಜೆಯ ಹೊತ್ತು ಮಾಡಿಸಬೇಕು. ಡೊಮೇನ್ ಹೆಸರು ತಂತ್ರಜ್ಞನ ಖಾತೆಯಲ್ಲಿರದೆ ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು. ಹಣದ ಅನುಕೂಲವಿಲ್ಲದ ಚಿಕ್ಕ ಸಂಘವೂ ಇಷ್ಟನ್ನಾದರೂ ಮಾಡಬಹುದು: ತಿಂಗಳಿಗೊಮ್ಮೆ ತಾಣದ ಪೂರ್ಣ ಪ್ರತಿಯನ್ನು ಇಬ್ಬರು ಸದಸ್ಯರು ಬೇರೆ ಬೇರೆ ಊರುಗಳಲ್ಲಿ ತಮ್ಮ ಹಾರ್ಡ್ ಡಿಸ್ಕುಗಳಿಗೆ ಇಳಿಸಿಕೊಂಡಿರಲಿ, ವರ್ಷಕ್ಕೊಮ್ಮೆ ಆ ಪ್ರತಿಯಿಂದಲೇ ತಾಣವನ್ನು ಇನ್ನೊಂದು ಸರ್ವರಿನಲ್ಲಿ ಕಟ್ಟಿ, ಹಳೆಯ ಸಂಚಿಕೆಗಳೆಲ್ಲ ಸರಿಯಾಗಿ ತೆರೆಯುವುವೋ ಇಲ್ಲವೋ ಎಂದು ಪುಟಪುಟವಾಗಿ ನೋಡಲಿ.