ಧನವೋ, ದನವೋ?

ಪುಟಾಣಿಗಳೇ, ಕಳೆದ ಬೇಸಿಗೆ ರಜೆಯಲ್ಲಿ ಹೇರೂರಿನ ನಮ್ಮ ಮನೆಯಲ್ಲಿ ನಡೆದದ್ದು ಇದು. ಊರಿನ ಮಕ್ಕಳಿಗೆ ಒಂದು ಕಪಾಟು ತುಂಬ ಪುಸ್ತಕ ತರಬೇಕು, ಅದಕ್ಕಾಗಿ ತಾಳಮದ್ದಲೆ ಇಟ್ಟು ಹಣ ಕೂಡಿಸಬೇಕು ಎಂದು ಮಾತಾಯಿತು. ಕರಪತ್ರದ ಕೆಲಸ ಏಳನೇ ತರಗತಿಯ ನನ್ನ ಮೊಮ್ಮಗನ ಪಾಲಿಗೆ ಬಂತು.

ಅವನು ಕಂಪ್ಯೂಟರಿನಲ್ಲಿ ಹುಡುಕಿ ಒಂದು ಅಕ್ಷರ ಆರಿಸಿದ. ದಪ್ಪ ಮೈ. ಗೆರೆ ನಡುವಿನಲ್ಲಿ ತುಸು ಸಪೂರ, ತುದಿಗೆ ಹೋದಂತೆ ಓಲಗದ ಬಾಯಿಯ ಹಾಗೆ ಅಗಲ. ‘ತಾಳಮದ್ದಲೆ’ ಎಂಬ ತಲೆಬರಹವನ್ನು ಅಂಗಳದ ಆಚೆ ತುದಿಯಿಂದ ನಾನು ಕನ್ನಡಕವಿಲ್ಲದೆ ಓದಿದೆ! ಆ ಖುಷಿಗೆ ಅವನು ಇಡೀ ಕರಪತ್ರವನ್ನೇ ಅದೇ ಅಕ್ಷರದಲ್ಲಿ ಹಾಕಿದ. ನಾನೂ ‘ಭೇಷ್’ ಎಂದೆ.

ಮರುದಿನ ಪಕ್ಕದ ಮನೆಯ ಅಜ್ಜ ಕರಪತ್ರ ಹಿಡಿದು ಬಂದರು. “ತಮಾ, ಪುಸ್ತಕದ ಕಪಾಟಿಗೆ ದನ ಎಂತಕ್ಕೆ ಬೇಕಾತು?”

ಕೆಳಗಿನ ಸಾಲಿನಲ್ಲಿ ‘ಧನಸಹಾಯ ಮಾಡಿ’ ಎಂದಿತ್ತು. ಸಣ್ಣ ಗಾತ್ರದಲ್ಲಿ ಆ ದಪ್ಪ ಗೆರೆಗಳು ಒತ್ತಿಕೊಂಡು ಧಕಾರದ ಹೊಟ್ಟೆಯ ಸೀಳು ಮುಚ್ಚಿಹೋಗಿತ್ತು. ಧನ ಹೋಗಿ ದನವಾಗಿತ್ತು! ಎಲ್ಲರೂ ನಕ್ಕರು. ಮೊಮ್ಮಗ ಮಾತ್ರ ನಗಲಿಲ್ಲ. “ಇನ್ನು ನಾನು ಬರೆಯುವುದೇ ಇಲ್ಲ” ಎಂದು ಒಳಗೆ ಹೋಗಿ ಕುಳಿತ.

ಸಂಜೆ ಪಕ್ಕದಲ್ಲಿ ಕುಳಿತು ಹೇಳಿದೆ: “ಅಕ್ಷರ ಕೆಟ್ಟದ್ದಲ್ಲ ಮಗಾ, ಜಾಗ ತಪ್ಪಿತು ಅಷ್ಟೆ. ಮೊದಲ ತಪ್ಪು ನನ್ನದು, ಕೊನೆಯ ಸಾಲು ಓದದೆ ಭೇಷ್ ಎಂದೆ.”

ಇಂಥ ಅಕ್ಷರಗಳ ಹುಟ್ಟು ಕಲ್ಲು, ಲೋಹಗಳ ಮೇಲೆ. ನಮ್ಮ ಬನವಾಸಿಯನ್ನು ಆಳಿದ ಕದಂಬರ ತಾಳಗುಂದದ ಕಂಬದ ಶಾಸನ ಸುಮಾರು 1,500 ವರ್ಷ ಹಳೆಯದು. ಅದರ ಭಾಷೆ ಸಂಸ್ಕೃತ. ಅಲ್ಲಿನ ಅಕ್ಷರಗಳ ನೆತ್ತಿಯ ಮೇಲೆ ಪುಟ್ಟ ಪೆಟ್ಟಿಗೆಯಂಥ ಗುರುತಿದೆ. ಗೆರೆಯ ತುದಿಗೆ ಹೀಗೆ ತೂಕ ಕೊಡುವುದು ಹೊಸ ಫ್ಯಾಷನ್ ಅಲ್ಲ. ದೂರದ ಜರ್ಮನಿಯಲ್ಲಿ ಬರ್ತೋಲ್ಡ್ ವೋಲ್ಪೆ ಎಂಬವರು ಕಂಚಿನ ಫಲಕಗಳಲ್ಲಿ ಸುತ್ತಲಿನ ಲೋಹ ಕೆತ್ತಿ ತೆಗೆದು ಅಕ್ಷರಗಳನ್ನು ಎಬ್ಬಿಸುತ್ತಿದ್ದರು. ಆ ಅನುಭವದಿಂದ 1930ರ ದಶಕದಲ್ಲಿ ‘ಆಲ್ಬರ್ಟಸ್’ ಎಂಬ ಇಂಗ್ಲಿಷ್ ಅಚ್ಚಕ್ಷರ ಮಾಡಿದರು. ಅದರ ಗೆರೆಗಳೂ ತುದಿಯಲ್ಲಿ ಮೆಲ್ಲಗೆ ಅಗಲವಾಗುತ್ತವೆ. ಹಳೆಯ ಲಂಡನ್ ನಗರಭಾಗದ ಬೀದಿಫಲಕಗಳಲ್ಲಿ ಇಂದಿಗೂ ಅದನ್ನು ಕಾಣಬಹುದು. ಬೀದಿಯ ಹೆಸರು ಎಂದರೆ ಒಂದೆರಡೇ ಮಾತು, ದೂರದಿಂದ ಓದುವಂಥದ್ದು. ಅದೇ ಆ ಅಕ್ಷರಕ್ಕೆ ತಕ್ಕ ಜಾಗ.

ಪುಸ್ತಕದ ಮುಖಪುಟ, ಅಂಗಡಿಯ ಬೋರ್ಡು, ಆಟದ ಹೆಸರು, ಇವಕ್ಕೆ ದಪ್ಪ ಅಕ್ಷರ ಸರಿ. ದಿನ, ಹೊತ್ತು, ವಿಳಾಸಕ್ಕೆ ಸಾದಾ ಅಕ್ಷರವೇ ಬೇಕು. ಭಾಗವತರ ಏರುದನಿ ಪದಕ್ಕೆ ಚಂದ. ಊಟಕ್ಕೆ ಕರೆಯುವಾಗಲೂ ಅದೇ ದನಿ ತೆಗೆದರೆ?

ಮೊಮ್ಮಗ ನಕ್ಕ. ತಲೆಬರಹ ಹಾಗೇ ಬಿಟ್ಟು ಉಳಿದದ್ದನ್ನೆಲ್ಲ ಸಾದಾ ಅಕ್ಷರದಲ್ಲಿ ಹಾಕಿದ. ಅಚ್ಚಿಗೆ ಕೊಡುವ ಮೊದಲು ತಾನೇ ಪಕ್ಕದ ಮನೆಗೆ ಓಡಿ ಅಜ್ಜನಿಂದ ಓದಿಸಿದ. ಅವರು ನಿಧಾನವಾಗಿ ಕೊನೆಯ ಸಾಲಿನವರೆಗೂ ಓದಿ, ನೂರರ ನೋಟು ತೆಗೆದರು. “ದನ ಇಲ್ಲೆ ತಮಾ, ಧನ ತಗ.”

ಮಕ್ಕಳೇ, ನೀವೂ ಏನಾದರೂ ಬರೆದು ಗೋಡೆಗೆ ಹಚ್ಚುವ ಮೊದಲು ಮನೆಯ ಅಜ್ಜನಿಗೋ ಅಜ್ಜಿಗೋ ಒಮ್ಮೆ ತೋರಿಸಿ. ಅವರ ಕಣ್ಣು ಪಾಸು ಮಾಡಿದರೆ ಊರೇ ಓದುತ್ತದೆ.