ನಲವತ್ತರ ನಂತರ ಪೈಲಟ್ ಆಗುವ ಆಸೆಯೇ?

ನಲವತ್ತು ದಾಟಿದ ಮೇಲೆ ಉದ್ಯೋಗ ಬದಲಿಸುವವರು ಈಗ ಅಪರೂಪವೇನಲ್ಲ. ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದು ತೋಟ ಮಾಡುವವರಿದ್ದಾರೆ, ಸಾಫ್ಟ್‌ವೇರ್ ಕೆಲಸ ಬಿಟ್ಟು ಹೋಟೆಲ್ ತೆರೆಯುವವರಿದ್ದಾರೆ. ನನ್ನ ಕ್ಲಿನಿಕ್ಕಿಗೆ ಬರುವವರಲ್ಲೂ ಆಗೊಬ್ಬರು ಈಗೊಬ್ಬರು, 'ಡಾಕ್ಟ್ರೇ, ಪೈಲಟ್ ಆಗಬೇಕೂಂತ ಇದ್ದೀನಿ. ಈ ವಯಸ್ಸಿಗೆ ಆಗುತ್ತಾ?' ಎಂದು ಕೇಳುತ್ತಾರೆ. 'ಆಗೋದಿಲ್ಲ ಅಂತ ಹೇಳಿಬಿಡಿ' ಎಂಬ ಬೇಡಿಕೆ ಪಕ್ಕದಲ್ಲಿ ಕುಳಿತ ಪತ್ನಿಯ ಮುಖದಲ್ಲೇ ಕಾಣುತ್ತದೆ.

ನಾನು ಹಾಗೆ ಹೇಳುವುದಿಲ್ಲ. ವಯಸ್ಸು ಒಂದು ರೋಗವಲ್ಲ. ಇಬ್ಬರು ಪೈಲಟ್‌ಗಳಿರುವ ಪ್ರಯಾಣಿಕ ವಿಮಾನಗಳನ್ನು 65 ವರ್ಷದವರೆಗೂ ನಡೆಸಲು 2006ರಿಂದ ಅಂತರರಾಷ್ಟ್ರೀಯ ನಿಯಮ ಅವಕಾಶ ಕೊಟ್ಟಿದೆ. ಅದಕ್ಕೆ ಮೊದಲು ಮಿತಿ 60 ಇತ್ತು. ನಲವತ್ತೆರಡಕ್ಕೆ ತರಬೇತಿ ಆರಂಭಿಸಿದವನಿಗೆ ಕಾಗದದ ಮೇಲೆ ಇಪ್ಪತ್ತು ವರ್ಷದ ವೃತ್ತಿ ಉಳಿದಿರುತ್ತದೆ. ಹೊಸಬರನ್ನು ಸೇರಿಸಿಕೊಳ್ಳುವಾಗ ಹಲವು ವಿಮಾನ ಕಂಪನಿಗಳು ವಯಸ್ಸು ನೋಡುತ್ತವೆ ಎಂಬುದು ಬೇರೆ ಮಾತು. ಅದನ್ನು ಕಂಪನಿಗಳಲ್ಲೇ ವಿಚಾರಿಸಿಕೊಳ್ಳಬೇಕು.

ನನ್ನ ಆಕ್ಷೇಪಣೆ ಇರುವುದು ಹೆಜ್ಜೆಗಳ ಕ್ರಮದ ಬಗ್ಗೆ. ನಮ್ಮವರು ಮೊದಲು ಪಿ.ಎಫ್. ಹಣ ತೆಗೆಯುತ್ತಾರೆ, ಸೈಟು ಮಾರುತ್ತಾರೆ, ತರಬೇತಿ ಶಾಲೆಗೆ ಕಂತು ಕಟ್ಟುತ್ತಾರೆ. ವೈದ್ಯಕೀಯ ಪರೀಕ್ಷೆ ನೆನಪಾಗುವುದು ಆಮೇಲೆ. ಕೂಸು ಹುಟ್ಟುವ ಮುನ್ನ ಕುಲಾವಿ ಎಂದರೆ ಇದೇ. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆ ಹಾರಾಟ ಆಗಬೇಕು. ಒಟ್ಟು ಖರ್ಚು ಇಂದು ಅರ್ಧ ಕೋಟಿ ರೂಪಾಯಿ ಮುಟ್ಟುತ್ತದೆ, ಮೀರುವುದೂ ಉಂಟು. ಅಷ್ಟು ಹಣ ಸುರಿದ ಮೇಲೆ 'ಕ್ಲಾಸ್ 1' ವೈದ್ಯಕೀಯ ಪ್ರಮಾಣಪತ್ರ ಸಿಗದಿದ್ದರೆ ಪರವಾನಗಿಯೇ ಇಲ್ಲ. ನನ್ನಂಥ ಸಾಮಾನ್ಯ ವೈದ್ಯ ಬರೆದುಕೊಡುವ ಫಿಟ್‌ನೆಸ್ ಚೀಟಿ ಇಲ್ಲಿ ನಡೆಯುವುದಿಲ್ಲ. ನಾಗರಿಕ ವಿಮಾನಯಾನ ನಿರ್ದೇಶನಾಲಯ ಮಾನ್ಯ ಮಾಡಿದ ವೈದ್ಯರೇ ಪರೀಕ್ಷಿಸಬೇಕು. 1957ರಲ್ಲಿ ಆರಂಭವಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ಇದೆ. ಎಷ್ಟೋ ಪೈಲಟ್‌ಗಳು ಈ ಪರೀಕ್ಷೆಗೆ ಹಾಜರಾಗಿರುವುದು ಅಲ್ಲೇ.

ನಲವತ್ತರ ದೇಹದಲ್ಲಿ ಅವರು ಏನು ಹುಡುಕುತ್ತಾರೆ? ಕಣ್ಣಿಗೆ ಚಾಳೀಸು ಬಂದಿದೆ ಎಂದು ಹೆದರಬೇಕಿಲ್ಲ. ಕನ್ನಡಕ ಹಾಕಿ ದೃಷ್ಟಿ ಸರಿಯಾಗುವಂತಿದ್ದರೆ ಸಾಕು, ಹಾರುವಾಗ ಕಿಸೆಯಲ್ಲಿ ಇನ್ನೊಂದು ಜೊತೆ ಇರಬೇಕು ಅಷ್ಟೇ. ಬಣ್ಣಗುರುಡು ಹಾಗಲ್ಲ. ಕೆಂಪು ಹಸಿರು ಬೆರೆತು ಕಾಣುವ ಈ ದೋಷ ಹುಟ್ಟಿನಿಂದ ಇದ್ದರೂ ನಲವತ್ತು ವರ್ಷ ಗೊತ್ತೇ ಆಗದೆ ಉಳಿದಿರಬಹುದು, ಇದಕ್ಕೆ ಚಿಕಿತ್ಸೆಯೂ ಇಲ್ಲ. ಚುಕ್ಕೆಗಳ ನಡುವಿನ ಅಂಕಿ ಓದುವ ಇಷಿಹಾರಾ ಪರೀಕ್ಷೆ ಯಾವುದೇ ಕಣ್ಣಿನ ವೈದ್ಯರಲ್ಲಿ ಐದು ನಿಮಿಷದ ಕೆಲಸ. ಮೂತ್ರಪಿಂಡದ ಕಲ್ಲನ್ನೂ ಅವರು ಗಂಭೀರವಾಗಿ ನೋಡುತ್ತಾರೆ. ಆ ನೋವು ಉಂಡವರಿಗೆ ಕಾರಣ ಹೇಳಬೇಕಾಗಿಲ್ಲ.

ರಕ್ತದೊತ್ತಡ ಇದ್ದರೂ ಅನುಮತಿಸಿದ ಮಾತ್ರೆಗಳಿಂದ ಹತೋಟಿಯಲ್ಲಿದ್ದರೆ ದಾರಿ ಮುಚ್ಚುವುದಿಲ್ಲ. ಸಕ್ಕರೆ ಕಾಯಿಲೆಯಲ್ಲಿ ನಿಯಮ ಹೆಚ್ಚು ಬಿಗಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬ್ರಿಟನ್ 2012ರಿಂದಲೂ ಅಮೆರಿಕ 2019ರಿಂದಲೂ ಕಟ್ಟುನಿಟ್ಟಿನ ಷರತ್ತುಗಳ ಮೇಲೆ ಅವಕಾಶ ಕೊಟ್ಟಿವೆ. ಹಾರುವಾಗ ಸಕ್ಕರೆ ಅಂಶ ಹಠಾತ್ತನೆ ಇಳಿದು ತಲೆ ಮಂಕಾದರೆ ಏನು ಗತಿ ಎಂಬ ಭಯವೇ ಈ ಬಿಗಿಗೆ ಕಾರಣ.

ಕೆಲವರು ನನ್ನಲ್ಲಿ ಪಿಸುಮಾತಿನಲ್ಲಿ ಕೇಳುವುದುಂಟು: 'ಬಿ.ಪಿ. ಮಾತ್ರೆ ವಿಷಯ ಫಾರಂನಲ್ಲಿ ಬರೆಯಲೇಬೇಕಾ?' ಬರೆಯಲೇಬೇಕು. ಹೇಳಿದ ಕಾಯಿಲೆಗೆ ಬಹಳ ಸಲ ದಾರಿ ಇರುತ್ತದೆ, ಮುಚ್ಚಿಟ್ಟದ್ದಕ್ಕೆ ಇರುವುದಿಲ್ಲ. ಮನಸ್ಸಿನ ಕಾಯಿಲೆಗೂ ಇದೇ ಮಾತು. 2015ರ ಮಾರ್ಚ್ 24ರಂದು ಫ್ರಾನ್ಸಿನ ಆಲ್ಪ್ಸ್ ಪರ್ವತದಲ್ಲಿ ಜರ್ಮನ್‌ವಿಂಗ್ಸ್ ವಿಮಾನವನ್ನು ಅದರ ಸಹಪೈಲಟ್ ಬೇಕೆಂದೇ ನೆಲಕ್ಕಿಳಿಸಿದಾಗ 150 ಜನ ಸತ್ತರು. ಕೆಲಸಕ್ಕೆ ಹೋಗಬೇಡ ಎಂದು ವೈದ್ಯರು ಬರೆದುಕೊಟ್ಟ ಚೀಟಿಗಳನ್ನು ಆತ ಕಂಪನಿಗೆ ತೋರಿಸಿರಲಿಲ್ಲ. ಖಿನ್ನತೆ ಇರುವವರೆಲ್ಲ ಹಾಗೆ ಎಂದು ಯಾರೂ ತಿಳಿಯಬಾರದು, ಅದು ಅನ್ಯಾಯ. ಆದರೆ ಕೆಲಸ ಹೋಗುತ್ತದೆಂಬ ಹೆದರಿಕೆಯಿಂದ ರೋಗ ಮುಚ್ಚಿಡುವುದು ಎಲ್ಲಿಗೆ ಒಯ್ಯಬಲ್ಲದೆಂದು ಅಂದು ಕಂಡಿತು.

ಪರೀಕ್ಷೆ ಒಮ್ಮೆ ಪಾಸಾದರೆ ಮುಗಿಯಿತು ಎಂದೂ ಭಾವಿಸಬೇಡಿ. ಅದು ಪ್ರತಿ ವರ್ಷದ ಪರೀಕ್ಷೆ, ಅರವತ್ತರ ನಂತರ ಆರು ತಿಂಗಳಿಗೊಮ್ಮೆ. ಇಪ್ಪತ್ತೈದರ ಹುಡುಗ ನಿಶ್ಚಿಂತೆಯಿಂದ ಹೋಗಿ ಬರುತ್ತಾನೆ. ಹೊಟ್ಟೆ ಬೆಳೆಸಿಕೊಂಡು, ಸಿಗರೇಟು ಸೇದುತ್ತಾ, ಸಾಲದ ಕಂತು ಕಟ್ಟುತ್ತಿರುವ ನಲವತ್ತೈದರವನಿಗೆ ಪ್ರತಿ ಇಸಿಜಿಯೂ ನೌಕರಿಯ ಪ್ರಶ್ನೆ.

ಕೊನೆಯದಾಗಿ ನಿದ್ದೆ. 2010ರ ಮೇ 22ರ ಬೆಳಗಿನ ಆರು ಗಂಟೆಯ ಸುಮಾರಿಗೆ ದುಬೈನಿಂದ ಬಂದ ವಿಮಾನ ಮಂಗಳೂರಿನಲ್ಲಿ ಓಡುಹಾದಿ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತದ್ದನ್ನು ನಾವು ಮರೆತಿಲ್ಲ. ಸಾಕಷ್ಟು ವಿಶ್ರಾಂತಿಯ ಅವಧಿ ಸಿಕ್ಕಿದ್ದರೂ ಕ್ಯಾಪ್ಟನ್ ಹಾರಾಟದ ನಡುವೆ ದೀರ್ಘ ನಿದ್ದೆ ಮಾಡಿದ್ದರು, ಎದ್ದ ನಂತರದ ಮಂಪರು ಅವರ ತೀರ್ಮಾನವನ್ನು ಕೆಡಿಸಿರಬಹುದು ಎಂದು ತನಿಖಾ ವರದಿ ಹೇಳಿತು. ರಾತ್ರಿ ಎರಡರಿಂದ ಬೆಳಿಗ್ಗೆ ಆರರವರೆಗೆ ದೇಹದ ಗಡಿಯಾರ ತೀರ ಕೆಳಗಿಳಿದಿರುತ್ತದೆ. ಇಪ್ಪತ್ತು ವರ್ಷ ಹಗಲಲ್ಲಿ ದುಡಿದು ರಾತ್ರಿ ಮಲಗಿದ ದೇಹ ಈ ಪಾಳಿಗೆ ಸುಲಭವಾಗಿ ಒಗ್ಗುವುದಿಲ್ಲ. ನಿಮ್ಮ ಯಜಮಾನರು ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತಂತಾಗಿ ಬೆಚ್ಚುತ್ತಾರೆಯೇ? ಹಾಗಿದ್ದರೆ ಅದನ್ನು ವೈದ್ಯರಿಗೆ ನೀವೇ ಹೇಳಿ. ಅವರಿಗೆ ಅದು ಗೊತ್ತಿರುವುದಿಲ್ಲ. ಪೈಲಟ್ ಆದ ಮೇಲೆ ಬೆಳಿಗ್ಗೆ ಏಳಕ್ಕೆ ಮನೆ ಸೇರುವವರಿಗೆ ಕತ್ತಲೆಯ ಕೋಣೆ ಬೇಕು. ಕುಕ್ಕರಿನ ಕೂಗು, ಟಿ.ವಿ., ಬಾಗಿಲಿನ ಗಂಟೆ, ಬಂದ ನೆಂಟರು, ಇವೆಲ್ಲ ಮಧ್ಯಾಹ್ನದವರೆಗೆ ಸುಮ್ಮನಿರಬೇಕು. ಎರಡು ಕೋಣೆಯ ಮನೆಯಲ್ಲಿ ಇದು ನಡೆಯುತ್ತದೆಯೇ ಎಂದು ಸೈಟು ಮಾರುವ ಮೊದಲೇ ಮನೆಮಂದಿಯೆಲ್ಲ ಕುಳಿತು ಮಾತಾಡಿಕೊಳ್ಳಿ.